ಗಾಡಿ ಒಂದು ಜಾಸ್ತಿ ಆದರೆ ಸೀಟು ಜಾಸ್ತಿ ಆಗುತ್ತಾ?

ಹುಬ್ಬಳ್ಳಿಯಲ್ಲಿ ರೈಲಿನ ಪಾಸ್ ಹೋಲ್ಡರ್‌ಗಳು ಮತ್ತು ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಸೇರಿದ್ದ ಸಭೆಯಲ್ಲಿ ನಾನು ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಾತಾಡುವಾಗ ಹಿಂದೆ ಮುಂದೆ ಆದದ್ದನ್ನು ಸರಿಮಾಡಿ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ರೈಲಿನ ವಿಷಯಕ್ಕೆ ನಾಲ್ಕು ಜನ ಸೇರಿದರೆ ನಮ್ಮ ಕಡೆ ಮೊದಲು ಬರುವ ಮಾತು ಒಂದೇ: "ಇನ್ನೊಂದು ಗಾಡಿ ಬಿಡಸ್ರಿ." ರಾಣೆಬೆನ್ನೂರಿನವರೂ ಅದನ್ನೇ ಕೇಳುತ್ತಾರೆ, ಗದಗಿನವರೂ ಅದನ್ನೇ. ಕೇಳಲಿ, ಕೇಳಲೇಬೇಕು. ಆದರೆ ಗಾಡಿ ಬಂದ ಕೂಡಲೇ ಸೀಟು ಸಿಕ್ಕಿತು ಅಂತಲ್ಲ. ಬೆಳಿಗ್ಗೆ 8 ಗಂಟೆಗೆ ಬಾಗಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಬರುವ ಹುಡುಗನಿಗೆ ಮಧ್ಯಾಹ್ನ 2ಕ್ಕೆ ಇನ್ನೊಂದು ಗಾಡಿ ಬಿಟ್ಟರೆ ಏನು ಉಪಯೋಗ? ನಾನು ಇವತ್ತು ಹೇಳಬೇಕಾದದ್ದು ಇಷ್ಟೇ. ಯಾವ ಹೊತ್ತು, ಯಾವ ಸ್ಟೇಷನ್‌ನಿಂದ ಯಾವ ಸ್ಟೇಷನ್‌ವರೆಗೆ, ಎಷ್ಟು ಜನ ನಿಂತುಕೊಂಡು ಹೋಗುತ್ತಿದ್ದಾರೆ, ಈ ಮೂರು ಗೊತ್ತಿಲ್ಲದೆ ಗಾಡಿ ಕೇಳಿದರೆ ಸಿಗೋದು ಖಾಲಿ ಓಡುವ ಗಾಡಿ.

ಸರಾಸರಿ ಅನ್ನೋದು ಇಲ್ಲಿ ದೊಡ್ಡ ಮೋಸ. ಒಂದೇ ಗಾಡಿ ದಿನಕ್ಕೆ ನಾಲ್ಕು ಸಲ ಓಡುತ್ತೆ ಅಂದುಕೊಳ್ಳಿ. ಬೆಳಿಗ್ಗೆ 100 ಸೀಟಿಗೆ 160 ಜನ. ಹೊತ್ತೇರಿದ ಮೇಲೆ 40. ಮಧ್ಯಾಹ್ನ 50. ಸಂಜೆ 150. ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 100. ಕಾಗದದ ಮೇಲೆ ನೋಡಿದವರಿಗೆ ಗಾಡಿ ಚೆನ್ನಾಗಿ ತುಂಬಿದೆ, ಸಾಕಷ್ಟು ಸೀಟೂ ಇದೆ. ಒಳಗೆ ನಿಂತವರಿಗೆ ಮಾತ್ರ ಬೇರೆ ಕತೆ. ಮತ್ತೆ, ನೂಕುನುಗ್ಗಲಿನಲ್ಲಿ ಹೋದವರ ಸಂಖ್ಯೆಯೇ ಜಾಸ್ತಿ ಅನ್ನೋದನ್ನೂ ಗಮನಿಸಿ. ಈ ನಾಲ್ಕು ಓಟದ 400 ಜನರಲ್ಲಿ 310 ಜನ ಹೋಗಿದ್ದು ಆ ಎರಡು ಕಿಕ್ಕಿರಿದ ಓಟಗಳಲ್ಲೇ. ಖಾಲಿ ಗಾಡಿಯ ಸುಖ ಕಂಡವರು ಬರೀ 90 ಜನ.

ನಮ್ಮ ಕಡೆ ಈ ಏರಿಳಿತ ಯಾಕೆ ಇಷ್ಟು ಅಂದರೆ, ಎಲ್ಲ ಕೆಲಸವೂ ಹುಬ್ಬಳ್ಳಿ-ಧಾರವಾಡದಲ್ಲೇ ಕೂತಿದೆ. ಕಾಲೇಜು, ಯೂನಿವರ್ಸಿಟಿ, ದೊಡ್ಡ ಸರ್ಕಾರಿ ಆಸ್ಪತ್ರೆ, ಮಾರ್ಕೆಟ್ಟು. ಧಾರವಾಡದ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಹಾವೇರಿ, ಗದಗ, ಕೊಪ್ಪಳದ ಕಕ್ಷಿದಾರರು ಫೈಲು ಹಿಡಿದು ಅಲ್ಲಿಗೇ ಬರಬೇಕು. ಇವರೆಲ್ಲ ಬರುವ ಹೊತ್ತು ಒಂದೇ, ವಾಪಸ್ ಹೋಗುವ ಹೊತ್ತೂ ಒಂದೇ. ಇನ್ನೊಂದು ಅಲೆ ಭಾನುವಾರ ರಾತ್ರಿಯದ್ದು, ಬೆಂಗಳೂರಿನ ಕಡೆಗೆ. ಅವತ್ತು ರಾತ್ರಿ ಖಾಸಗಿ ಬಸ್ಸಿನ ದರ ಎಲ್ಲಿಗೆ ಹೋಗುತ್ತೆ ಅಂತ ನಾನು ಹೇಳೋದು ಬೇಡ, ನಿಮ್ಮ ಮೊಬೈಲೇ ಹೇಳುತ್ತೆ.

ಹಾಗಾದರೆ ಎಷ್ಟು ಜನ ಹೋಗುತ್ತಾರೆ ಅಂತ ಟಿಕೆಟ್‌ನಿಂದ ಗೊತ್ತಾಗಲ್ವಾ? ಅರ್ಧ ಗೊತ್ತಾಗುತ್ತೆ. ಕೌಂಟರಿನಲ್ಲಿ ಹಾವೇರಿಯಿಂದ ಹುಬ್ಬಳ್ಳಿಗೆ ಒಂದು ಜನರಲ್ ಟಿಕೆಟ್ ತೊಗೊಂಡರೆ, ಎಲ್ಲಿಂದ ಎಲ್ಲಿಗೆ ಅನ್ನೋದು ಕಂಪ್ಯೂಟರಿಗೆ ಗೊತ್ತು, ಟಿಕೆಟ್ ಕೊಟ್ಟ ಹೊತ್ತೂ ಗೊತ್ತು. ನೀವು ಯಾವ ಗಾಡಿ ಹತ್ತಿದಿರಿ ಅನ್ನೋದು ಗೊತ್ತಿಲ್ಲ. ಬಂದ ಗಾಡಿಗೆ ಕಾಲಿಡಲೂ ಜಾಗ ಇಲ್ಲದೆ ಮುಂದಿನದಕ್ಕೆ ಕಾದಿರಾ, ಬೇಸತ್ತು ಬಸ್ ಸ್ಟ್ಯಾಂಡಿಗೆ ಹೋದಿರಾ, ಅದೂ ಗೊತ್ತಿಲ್ಲ. ಪಾಸ್ ಹೋಲ್ಡರ್‌ಗಳದ್ದು ಇನ್ನೂ ಮಜಾ. 150 ಕಿಲೋಮೀಟರ್ ಒಳಗೆ ತಿಂಗಳ ಪಾಸ್ ಸಿಗುತ್ತೆ. ತಿಂಗಳಿಗೊಮ್ಮೆ ಕೌಂಟರಿಗೆ ಹೋಗುತ್ತೀರಿ, ಅಷ್ಟೇ. ಆಮೇಲೆ ನೀವು ಯಾವ ಗಾಡಿಯಲ್ಲಿ ಹೋಗುತ್ತೀರಿ, ವಾರದಲ್ಲಿ ಎಷ್ಟು ದಿನ ಹೋಗುತ್ತೀರಿ, ಯಾರ ಪುಸ್ತಕದಲ್ಲೂ ಇರಲ್ಲ. ದಿನಾ ಗಾಡಿ ಹತ್ತುವವರೇ ಲೆಕ್ಕಕ್ಕೆ ಸಿಗದವರು.

ರಿಸರ್ವೇಶನ್ ಕಡೆ ಲೆಕ್ಕ ಪಕ್ಕಾ ಇರುತ್ತೆ, ಆದರೆ ಅಲ್ಲೂ ಒಂದು ಕಿತಾಪತಿ ಇದೆ. ವೇಟಿಂಗ್ ಲಿಸ್ಟನ್ನೇ ಬೇಡಿಕೆ ಅಂತ ತಿಳಿಯುವವರು ಬಹಳ ಜನ. ವೇಟಿಂಗ್ ಲಿಸ್ಟ್ ಉದ್ದ ಕಂಡ ಕೂಡಲೇ ಬುಕಿಂಗ್ ಮಾಡದೆ ಆ್ಯಪ್ ಮುಚ್ಚಿದವರು ಅದರಲ್ಲಿ ಇಲ್ಲ. ಅದೇ ಪ್ರಯಾಣಕ್ಕೆ ಎರಡು ಗಾಡಿಯಲ್ಲಿ ಬುಕ್ ಮಾಡಿ ಒಂದನ್ನು ಕ್ಯಾನ್ಸಲ್ ಮಾಡುವವರು ಎರಡು ಸಲ ಇದ್ದಾರೆ. ಇನ್ನು ನಡುವಿನ ಸ್ಟೇಷನ್‌ಗಳ ಪಾಡು. ದೂರದಿಂದ ಬರುವ ಗಾಡಿಯ ಬಹುಪಾಲು ಬರ್ತು ಹೊರಡುವ ಊರಿನ ಖಾತೆಯಲ್ಲಿರುತ್ತೆ. ದಾರಿಯ ಊರುಗಳಿಗೆ ಎಲ್ಲರೂ ಸೇರಿ ಹಂಚಿಕೊಳ್ಳುವ ಒಂದು ಸಣ್ಣ ಕೋಟಾ. ಅದರ ವೇಟಿಂಗ್ ಲಿಸ್ಟೇ ಬೇರೆ, ಕನ್ಫರ್ಮ್ ಆಗೋದೂ ಕಷ್ಟ. ಹಾಗಾಗಿ ನಡುವಿನ ಊರಿನ ವೇಟಿಂಗ್ ಲಿಸ್ಟಿನ 20, ಹೊರಡುವ ಊರಿನ 60ಕ್ಕಿಂತ ಭಾರ ಇರಬಹುದು. ಅಂಕಿ ನೋಡಿದವರು "ಇಪ್ಪತ್ತೇ ಅಲ್ವಾ" ಅಂತ ಮುಂದಿನ ಪುಟ ತಿರುಗಿಸುತ್ತಾರೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಸುಮ್ನೆ ಬುಕ್ ಮಾಡಿ ಇಟ್ಟುಕೊಳ್ಳುವುದು ಇದರಿಂದ ಕಡಿಮೆ ಆಗುತ್ತೆ, ಲೆಕ್ಕ ಸ್ವಲ್ಪ ನಿಜಕ್ಕೆ ಹತ್ತಿರ ಬರುತ್ತೆ ಅಂತ ನನ್ನ ಅನಿಸಿಕೆ.

ಆದ್ದರಿಂದ ಕೈಯಲ್ಲಿ ಎಣಿಸುವುದು ಬೇಕೇ ಬೇಕು. ಬೋರ್ಡಿನ ಮೇಲೆ ಒಂದು ಉದಾಹರಣೆ ಬರೆಯುತ್ತೇನೆ. ಸಂಖ್ಯೆಗಳು ತಿಳಿಯಲಿ ಅಂತ ನಾನೇ ಹಾಕಿದ್ದು, ಯಾರೂ ಎಣಿಸಿದ್ದಲ್ಲ. ಬೆಳಗಿನ ಪ್ಯಾಸೆಂಜರ್, 8 ಜನರಲ್ ಬೋಗಿ, ಬೋಗಿಗೆ 90ರಂತೆ 720 ಸೀಟು. ರಾಣೆಬೆನ್ನೂರಿನಲ್ಲಿ 200 ಜನ ಹತ್ತಿದರು. ಬ್ಯಾಡಗಿಯಲ್ಲಿ 90, ಅಲ್ಲಿಗೆ 290. ಹಾವೇರಿಯಲ್ಲಿ 60 ಜನ ಇಳಿದು 300 ಜನ ಹತ್ತಿದರು, 530. ಯಲವಿಗಿಯಲ್ಲಿ 120, ಈಗ 650. ಇಲ್ಲಿಯವರೆಗೆ ಎಲ್ಲರಿಗೂ ಸೀಟು ಇದೆ. ಗುಡಗೇರಿ, ಸಂಶಿ, ಕುಂದಗೋಳ ಮೂರೂ ಸೇರಿ 180. ಒಟ್ಟು 830. ಅಂದರೆ 110 ಜನರಿಗೆ ಸೀಟಿಲ್ಲ, ಅದೂ ಕೊನೆಯ ತುಂಡಿನಲ್ಲಿ ಮಾತ್ರ. ಇದಕ್ಕೆ ರಾಣೆಬೆನ್ನೂರಿನಿಂದಲೇ ಇನ್ನೊಂದು ಗಾಡಿ ಬೇಕಾ? ಎರಡು ಬೋಗಿ ಸೇರಿಸಿದರೆ 180 ಸೀಟು ಬಂತು, ಮುಗೀತು. ಅದೇ ಹಾವೇರಿಯಲ್ಲೇ 900 ಆಗಿದ್ದರೆ ಮಾತು ಬೇರೆ. ಆಗ ಹಾವೇರಿಯಿಂದ ಹೊರಡುವ ಇನ್ನೊಂದು ಸಣ್ಣ ಗಾಡಿ ಕೇಳುವುದೇ ಸರಿ. ಹತ್ತಿದವರು, ಇಳಿದವರು, ಒಳಗೆ ಉಳಿದವರು, ಈ ಮೂರು ಕಾಲಮ್ ಇಲ್ಲದೆ ಇದನ್ನು ಹೇಳೋಕೆ ಬರಲ್ಲ.

ಈಗ ಬೋಗಿ ಸೇರಿಸುವ ವಿಷಯ. ಹಳೆಯ ನೀಲಿ ಐಸಿಎಫ್ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತು, ಹೊಸ ಎಲ್‌ಎಚ್‌ಬಿ ಮಾದರಿಯದ್ದರಲ್ಲಿ 80. ಎಲ್‌ಎಚ್‌ಬಿ ಆದರೆ ಸೀಟು ಜಾಸ್ತಿ ಅಂತ ಎಲ್ಲರೂ ಖುಷಿಪಡುತ್ತಾರೆ. ಆದರೆ ಎಲ್‌ಎಚ್‌ಬಿ ಬೋಗಿ ಉದ್ದವೂ ಜಾಸ್ತಿ. ಹಳೆಯದು ಸುಮಾರು 22 ಮೀಟರ್, ಹೊಸದು 24. ಅದಕ್ಕೇ ಹಳೆಯ ಬೋಗಿಗಳಾದರೆ 24ರವರೆಗೆ ಜೋಡಿಸುತ್ತಿದ್ದರು, ಹೊಸದಾದರೆ 22. ಪೂರ್ತಿ ಸ್ಲೀಪರ್ ಅಂತ ಇಟ್ಟುಕೊಂಡು ಗುಣಿಸಿ ನೋಡಿ: 24 ಸಲ 72 ಅಂದರೆ 1728. 22 ಸಲ 80 ಅಂದರೆ 1760. ಇಷ್ಟು ದೊಡ್ಡ ಬದಲಾವಣೆಗೆ ಲಾಭ 32 ಬರ್ತು! ಗಾಡಿ ಈಗಾಗಲೇ ಪೂರ್ತಿ ಉದ್ದ ಇದ್ದರೆ ಬೋಗಿ ಬದಲಿಸಿದ್ದರಿಂದ ಸೀಟು ಸಿಗಲ್ಲ, ಭದ್ರತೆ ಸಿಗುತ್ತೆ, ವೇಗ ಸಿಗುತ್ತೆ. ಗಾಡಿ 16-17 ಬೋಗಿಯದ್ದಾಗಿದ್ದರೆ ಮಾತ್ರ ಇನ್ನೂ ನಾಲ್ಕೈದು ಸೇರಿಸೋಕೆ ಜಾಗ ಇರುತ್ತೆ. ಹಾಗಾಗಿ ಮೊದಲು ನೋಡಬೇಕಾದ್ದು ನಮ್ಮ ಕಡೆ ಯಾವ ಯಾವ ಗಾಡಿ ಗಿಡ್ಡ ಇದೆ ಅನ್ನೋದನ್ನು. 22 ಬೋಗಿಯ ಗಾಡಿಯಲ್ಲಿ ಜನರಲ್ ಮತ್ತು ಸ್ಲೀಪರ್ ಸೇರಿ 12, ಎಸಿ 8 ಅನ್ನೋದು ರೈಲ್ವೆ ಸಚಿವಾಲಯವೇ ಹೇಳುವ ಅಳತೆ. ನೀವು ಹತ್ತುವ ಗಾಡಿಯನ್ನು ಈ ಅಳತೆಗೆ ಹಿಡಿದು ನೋಡಿ.

ಉದ್ದ ಮಾಡೋಕೆ ಅಡ್ಡಿ ಏನು? ಹುಬ್ಬಳ್ಳಿಯಲ್ಲಿ ಅಂತೂ ಅಡ್ಡಿ ಇಲ್ಲ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಎಂಜಿನ್ ಸೇರಿ 22 ಬೋಗಿಯ ಗಾಡಿ ಸುಮಾರು 550 ಮೀಟರ್, ಅಲ್ಲಿ ಎರಡು ಆರಾಮಾಗಿ ನಿಲ್ಲುತ್ತವೆ. ಆದರೆ ಗಾಡಿ ಹುಬ್ಬಳ್ಳಿಯಲ್ಲೇ ಕೂತಿರಲ್ಲ ಅಲ್ವಾ. ದಾರಿಯ ಒಂದು ಸಣ್ಣ ಸ್ಟೇಷನ್ ನೋಡಿ, ಸಂಜೆ ಹೊತ್ತು. ಜನರಲ್ ಬೋಗಿ ಇರೋದು ಗಾಡಿಯ ಎರಡೂ ತುದಿಗೆ, ಪ್ಲಾಟ್‌ಫಾರ್ಮ್ ಮುಗಿಯೋದು ಅದಕ್ಕಿಂತ ಮುಂಚೆ. ಇಳಿಯುವವರು ಮೆಟ್ಟಿಲು ಹಿಡಿದು ಜಲ್ಲಿ ಕಲ್ಲಿನ ಮೇಲೆ ಧುಮುಕುತ್ತಾರೆ. ಒಬ್ಬ ಅಜ್ಜಿ ಮೊದಲು ಚೀಲ ಬಿಡುತ್ತಾಳೆ, ಆಮೇಲೆ ಬಾಗಿಲಿಗೆ ಬೆನ್ನು ಮಾಡಿ ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ, ಕೆಳಗಿಂದ ಯಾರೋ "ಬಿಡಬ್ಯಾಡ್ರಿ ಬೇ, ಹಿಡದೇನಿ" ಅಂತಾರೆ. ಹತ್ತುವವರು ಅವಳು ಇಳಿಯುವ ತನಕ ಕಾಯುತ್ತಾರೆ. ಪ್ಲಾಟ್‌ಫಾರ್ಮಿನ ನಡುವೆ ಎಸಿ ಬೋಗಿಯ ಮುಂದೆ ಒಬ್ಬರೂ ಇಲ್ಲ. ಎರಡು ನಿಮಿಷ ಅಂತ ಬರೆದ ನಿಲುಗಡೆ ನಾಲ್ಕು ಆಗುತ್ತೆ. ಇಂಥ ಆರು ಸ್ಟೇಷನ್ ಆದರೆ ಗಾಡಿ 12 ನಿಮಿಷ ತಡ. ಎರಡು ಬೋಗಿಯ ಉದ್ದ ಪ್ಲಾಟ್‌ಫಾರ್ಮ್ ಬೆಳೆಸುವ ಸಿಮೆಂಟು ಕೆಲಸವೂ ಸಾಮರ್ಥ್ಯದ ಕೆಲಸವೇ, ಯಾರೂ ಅದಕ್ಕೆ ರಿಬ್ಬನ್ ಕತ್ತರಿಸಲ್ಲ ಅಷ್ಟೇ.

ಪಿಟ್ ಲೈನ್ ಅಂತ ಇನ್ನೊಂದಿದೆ. ಗಾಡಿಯನ್ನು ತೊಳೆದು, ಕೆಳಗಿಂದ ಬ್ರೇಕು ಗಾಲಿ ಪರೀಕ್ಷೆ ಮಾಡುವ ಗುಂಡಿಯ ಹಳಿ. ಅದು ಗಾಡಿಗಿಂತ ಗಿಡ್ಡ ಇದ್ದರೆ ರೇಕನ್ನು, ಅಂದರೆ ಜೋಡಿಸಿದ ಬೋಗಿಗಳ ಸಾಲನ್ನು, ಎರಡು ತುಂಡು ಮಾಡಿ ಒಳಗೆ ತರಬೇಕು, ಮತ್ತೆ ಜೋಡಿಸಬೇಕು. ಪ್ರಯಾಣಿಕರಿಗೆ ಕಾಣದ ಜಾಗ. ಆದರೆ ಹೊಸ ಗಾಡಿ ನಿಮ್ಮೂರಿಂದ ಹೊರಡುತ್ತಾ ಬೇರೆ ಊರಿಂದ ಹೊರಡುತ್ತಾ ಅಂತ ತೀರ್ಮಾನ ಆಗೋದು ಎಷ್ಟೋ ಸಲ ಇಲ್ಲೇ.

"ಹಳಿ ಐತಿ, ಎಂಜಿನ್ ಐತಿ, ಬಿಡಾಕ್ ಏನ್ ಕಷ್ಟ?" ಅಂತ ಕೇಳುತ್ತಾರೆ. ಹಳಿಗೂ ಒಂದು ಮಿತಿ ಇದೆ. ಹಳೆಯ ಪದ್ಧತಿಯಲ್ಲಿ ಎರಡು ಸ್ಟೇಷನ್ ನಡುವೆ ಒಂದು ಹಳಿಯ ಮೇಲೆ ಒಂದೇ ಗಾಡಿ. ಒಬ್ಬರೇ ದಾಟಬಹುದಾದ ಕಾಲುಸಂಕದ ಹಾಗೆ, ಮುಂದಿನವನು ಆಚೆ ಕಾಲಿಟ್ಟ ಮೇಲೇ ಹಿಂದಿನವನು ಹೆಜ್ಜೆ ಇಡಬೇಕು. ಇದನ್ನು ಲೆಕ್ಕ ಹಾಕೋಕೆ ನಮ್ಮ ರೈಲ್ವೆಯಲ್ಲಿ ಸ್ಕಾಟ್ ಸೂತ್ರ ಅಂತ ಬಳಸುತ್ತಾರೆ, ಸರಳ ಇದೆ. ದಿನಕ್ಕೆ 1440 ನಿಮಿಷ. ಹಳಿ ರಿಪೇರಿಗೆ 180 ನಿಮಿಷ ತೆಗೆದರೆ 1260. ನಿಧಾನದ ಗಾಡಿ ಆ ತುಂಡು ದಾಟೋಕೆ 15 ನಿಮಿಷ, ಸಿಗ್ನಲ್ ಕೊಟ್ಟು ತೊಗೊಳ್ಳೋಕೆ 5, ಒಟ್ಟು 20 ಅಂದುಕೊಳ್ಳಿ. 1260ನ್ನು 20ರಿಂದ ಭಾಗಿಸಿದರೆ 63. ಎಲ್ಲವೂ ಗಡಿಯಾರದ ಹಾಗೆ ನಡೆಯಲ್ಲ, ಅದಕ್ಕೆ 70 ಪರ್ಸೆಂಟ್ ಹಿಡಿಯಿರಿ, 44 ಗಾಡಿ. ಈಗ ಆ ತುಂಡಿನ ನಡುವೆ ಒಂದು ಸಿಗ್ನಲ್ ನೆಟ್ಟು ಎರಡು ಭಾಗ ಮಾಡಿ. 15 ಇದ್ದದ್ದು 8 ಆಯಿತು, 5 ಸೇರಿ 13. ಅದೇ ಲೆಕ್ಕ ಹಾಕಿದರೆ 67. ಹೊಸ ಹಳಿ ಒಂದಡಿಯೂ ಹಾಕಿಲ್ಲ! ಆದರೆ ಒಂದು ಮಾತು. ಇಡೀ ಮಾರ್ಗಕ್ಕೆ ಲೆಕ್ಕ ಹಿಡಿಯೋದು ಅತಿ ಉದ್ದದ ತುಂಡಿನಿಂದ. ಉಳಿದ ಒಂಬತ್ತು ಕಡೆ ಸಿಗ್ನಲ್ ನೆಟ್ಟು ಆ ಒಂದನ್ನು ಬಿಟ್ಟರೆ ಏನೂ ಸಿಗಲ್ಲ.

ಹುಬ್ಬಳ್ಳಿ-ಚಿಕ್ಕಜಾಜೂರು 190 ಕಿಲೋಮೀಟರ್ ಜೋಡಿ ಹಳಿ ಆದ ಮೇಲೆ ಹಾವೇರಿ ಕಡೆಯವರಿಗೆ ಎದುರು ಬರುವ ಗಾಡಿಯ ಕ್ರಾಸಿಂಗಿಗೆ ನಿಲ್ಲುವ ಕಾಟ ತಪ್ಪಿತು. ಹಿಂದಿಂದ ಬರುವ ಗಾಡಿಗೆ ದಾರಿ ಬಿಡುವ ಕಾಟ ತಪ್ಪಿಲ್ಲ. 100 ಕಿಲೋಮೀಟರನ್ನು ಎಕ್ಸ್‌ಪ್ರೆಸ್ ಒಂದೂವರೆ ಗಂಟೆಯಲ್ಲಿ, ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಎರಡೂವರೆ ಗಂಟೆಯಲ್ಲಿ ಓಡುತ್ತೆ ಅಂದರೆ, ನಡುವಿನ ಒಂದು ಗಂಟೆಯನ್ನು ಯಾರಾದರೂ ಕೊಡಬೇಕು. ಕೊಡುವವರು ಯಾವಾಗಲೂ ಪ್ಯಾಸೆಂಜರ್‌ನವರು, ಬದಿಯ ಲೂಪ್ ಲೈನಿನಲ್ಲಿ ಕೂತು ಶೇಂಗಾ ತಿನ್ನುತ್ತಾ. ವೇಗದ ಗಾಡಿ ಒಂದು ಬಂದಾಗ ಚಪ್ಪಾಳೆ ತಟ್ಟುವ ನಾವು, ಅದು ಎಷ್ಟು ನಿಧಾನದ ಗಾಡಿಗಳನ್ನು ಬದಿಗೆ ಸರಿಸಿತು ಅಂತಲೂ ಕೇಳಬೇಕು. ಗದಗ ಕಡೆ ಇದರ ಜೊತೆಗೆ ಗೂಡ್ಸ್ ಕೂಡ. ಹೊಸಪೇಟೆ, ತೋರಣಗಲ್ಲು ಕಡೆಯ ಅದಿರು, ಉಕ್ಕು, ಗೋವಾ ಬಂದರಿನಿಂದ ಬರುವ ಕಲ್ಲಿದ್ದಲು ಎಲ್ಲ ಆ ಹಳಿಯ ಮೇಲೇ. ಗೋವಾ ಕಡೆ ಗಾಡಿ ಕೇಳುವವರು ಕ್ಯಾಸಲ್‌ರಾಕ್-ಕುಳೆಂ ಘಟ್ಟ ನೆನಪಿಡಬೇಕು. 37 ಮೀಟರಿಗೆ ಒಂದು ಮೀಟರ್ ಏರು, ಒಂಟಿ ಹಳಿ, ಭಾರದ ಗಾಡಿಗೆ ಹಿಂದಿಂದ ತಳ್ಳೋಕೂ ಎಂಜಿನ್ ಬೇಕು. ಅಲ್ಲಿನ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಹುಬ್ಬಳ್ಳಿಯಲ್ಲಿ ಎಷ್ಟೇ ಪ್ಲಾಟ್‌ಫಾರ್ಮ್ ಕಟ್ಟಿದರೂ ಘಟ್ಟ ಬಿಟ್ಟಷ್ಟೇ ಗಾಡಿ.

ಇನ್ನು ನನಗೆ ಬಹಳ ಇಷ್ಟದ ವಿಷಯ, ರೇಕು ದಿನವಿಡೀ ಏನು ಮಾಡುತ್ತೆ ಅನ್ನೋದು. ಹುಬ್ಬಳ್ಳಿ-ಗದಗ ಸುಮಾರು 58 ಕಿಲೋಮೀಟರ್. ಎಂಜಿನ್ ಎಳೆಯುವ ಗಾಡಿ ಅಣ್ಣಿಗೇರಿ, ಹುಲಕೋಟಿ ಎಲ್ಲ ನಿಂತು ಒಂದೂವರೆ ಗಂಟೆಗೆ ಮುಟ್ಟುತ್ತೆ ಅಂತ ಹಿಡಿಯೋಣ. ಅಲ್ಲಿ ಎಂಜಿನ್ ಬಿಚ್ಚಿ, ಸುತ್ತು ಹಾಕಿಸಿ, ಇನ್ನೊಂದು ತುದಿಗೆ ಜೋಡಿಸಿ, ಬ್ರೇಕ್ ಪರೀಕ್ಷೆ ಮಾಡೋಕೆ 45 ನಿಮಿಷ. ಅಂದರೆ ಒಂದು ಓಟಕ್ಕೆ ಎರಡೂಕಾಲು ಗಂಟೆ. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ 17 ಗಂಟೆ, 7 ಓಟ. ಅದೇ ಮೆಮು, ಅಂದರೆ ಬೇರೆ ಎಂಜಿನ್ ಇಲ್ಲದೆ ತಾನೇ ಓಡುವ ಕರೆಂಟ್ ಗಾಡಿ ಆದರೆ, ಎರಡೂ ತುದಿಗೆ ಡ್ರೈವರ್ ಕ್ಯಾಬಿನ್. ಬೇಗ ವೇಗ ಹಿಡಿಯುತ್ತೆ, ಒಂದೂಕಾಲು ಗಂಟೆ ಸಾಕು ಅಂತಿಟ್ಟುಕೊಳ್ಳಿ. ತಿರುಗೋಕೆ 20 ನಿಮಿಷ. 10 ಓಟ. ಒಂದೇ ರೇಕಿನಿಂದ ದಿನಕ್ಕೆ ಮೂರು ಓಟ ಜಾಸ್ತಿ, ಎರಡನೇ ರೇಕು ಬೇಕಾಗಲಿಲ್ಲ. ಹಳಿಯಲ್ಲಿ ಜಾಗ ಬೇಕು, ಸಿಬ್ಬಂದಿ ಬೇಕು, ರಾತ್ರಿ ಮೇಂಟೆನೆನ್ಸಿಗೆ ಹೊತ್ತು ಬೇಕು, ಅದೆಲ್ಲ ಸರಿ. ಆದರೂ ವಿದ್ಯುತ್ ತಂತಿ ಎಳೆದ ಮಾರ್ಗದಲ್ಲಿ 60-100 ಕಿಲೋಮೀಟರಿನ ಗಾಡಿಗೆ ಇನ್ನೂ ಎಂಜಿನ್ ಸುತ್ತು ಹಾಕಿಸುತ್ತಾ ಕೂತರೆ ಅದು ನಾವೇ ಕೈಯಾರೆ ಕಳೆದ ಸೀಟು.

ಮುಂದಿನ ವರ್ಷಗಳ ಲೆಕ್ಕಕ್ಕೆ ಬಂದರೆ, ಒಂದೊಂದು ಕೆಲಸಕ್ಕೂ ಬೇರೆ ಬೇರೆ ಅವಧಿ. ವೇಳೆ ಬದಲಿಸೋಕೆ ತಿಂಗಳುಗಳು ಸಾಕು, ಬೋಗಿ ತರಿಸೋಕೆ ವರ್ಷ ಬೇಕು, ಹಳಿ ಹಾಕೋಕೆ ಒಂದು ತಲೆಮಾರೂ ಆಗಬಹುದು. ಹುಬ್ಬಳ್ಳಿ-ಅಂಕೋಲಾ 1990ರ ದಶಕದಲ್ಲಿ ಮಂಜೂರಾದದ್ದು, ಅವತ್ತು ಹುಟ್ಟಿದವರಿಗೆ ಈಗ ಮದುವೆ ಆಗಿದೆ. ಗದಗ-ವಾಡಿ ಮಾರ್ಗದಲ್ಲಿ 2025ರ ಮೇನಲ್ಲಿ ಕುಷ್ಟಗಿವರೆಗೆ ರೈಲು ಬಂತು. ಅದು ವಾಡಿ ಮುಟ್ಟಿದ ದಿನ ಕಲಬುರಗಿ ಕಡೆಯ ಜನ ಗದಗಿನಲ್ಲಿ ಬಂದು ಇಳಿಯುತ್ತಾರೆ, ಆಗ ಗದಗ ಸ್ಟೇಷನ್‌ಗೆ ಎಷ್ಟು ಪ್ಲಾಟ್‌ಫಾರ್ಮ್ ಬೇಕು ಅನ್ನೋದು ಇವತ್ತಿನ ಪ್ರಶ್ನೆ. ಕಿತ್ತೂರು ಮೇಲೆ ಧಾರವಾಡ-ಬೆಳಗಾವಿ 73 ಕಿಲೋಮೀಟರ್ ಹಳಿ ಬಂದರೆ ಲೋಂಡಾ ಸುತ್ತು ತಪ್ಪುತ್ತೆ, ಇವತ್ತು ಬಸ್ಸಿನಲ್ಲಿ ಹೋಗುವವರು ಗಾಡಿಗೆ ಬರುತ್ತಾರೆ. ಇವತ್ತಿನ ಟಿಕೆಟ್ ಮಾರಾಟಕ್ಕೆ ವರ್ಷಕ್ಕೆ ಇಷ್ಟು ಪರ್ಸೆಂಟ್ ಅಂತ ಕೂಡಿಸುತ್ತಾ ಹೋದರೆ ಈ ಜನ ಲೆಕ್ಕದಲ್ಲೇ ಬರಲ್ಲ. ಉಲ್ಟಾ ಕೂಡ ಆಗುತ್ತೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಬಂದ ಮೇಲೆ ಆ ಎರಡು ಊರಿನ ಮಧ್ಯೆ ಓಡಾಡೋಕೆ ಯಾರು ಗಾಡಿಗೆ ಕಾಯುತ್ತಾರೆ? ಬಸ್ಸು ನಿಮಿಷಕ್ಕೊಂದು ಬರುವ ಕಡೆ ರೈಲು ಪೈಪೋಟಿಗೆ ಇಳಿಯಬಾರದು. ಆ ರೇಕನ್ನು ಬಸ್ಸಿನಲ್ಲಿ ಮೈಕೈ ನೋಯಿಸಿಕೊಳ್ಳುವ ದೂರದವರಿಗೆ ಕೊಡಿ.

ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ವಂದೇ ಭಾರತ್‌ಗೆ 8 ಬೋಗಿ ಯಾಕೆ?" ಬೆಂಗಳೂರು-ಧಾರವಾಡ ಗಾಡಿ 2023ರ ಜೂನ್‌ನಲ್ಲಿ ಶುರುವಾದಾಗ 8 ಬೋಗಿ, 530 ಸೀಟು. 16 ಬೋಗಿಯದ್ದರಲ್ಲಿ 1128. ಹಳಿಯ ಮೇಲೆ ಎರಡೂ ಹಿಡಿಯುವ ಜಾಗ, ಅಂದರೆ ಪಾತ್, ಒಂದೇ. ಹೊಸ ಮಾರ್ಗದಲ್ಲಿ ಜನ ಬರುತ್ತಾರಾ ಅಂತ ನೋಡೋಕೆ ಸಣ್ಣದರಿಂದ ಶುರು ಮಾಡೋದು ಸರಿ. ತುಂಬಿದ ಮೇಲೂ ಸಣ್ಣದೇ ಓಡಿಸಿದರೆ, ಹಳಿಯ ಬೆಲೆ ಗೊತ್ತಿದ್ದವರಿಗೆ ಹೊಟ್ಟೆ ಉರಿಯುತ್ತೆ.

ಹಿರಿಯರೊಬ್ಬರು ಎದ್ದು, "ನಮ್ಮೂರಾಗ ಎಕ್ಸ್‌ಪ್ರೆಸ್ ಎರಡ ನಿಮಿಷ ನಿಂತ್ರ ಏನ್ ಗಂಟ ಹೋಗತೈತ್ರಿ?" ಅಂದರು. ಎರಡು ನಿಮಿಷದ್ದಾದರೆ ಏನೂ ಇಲ್ಲ ಯಜಮಾನರೇ. ಆದರೆ ವೇಗ ತಗ್ಗಿಸೋಕೆ, ಮತ್ತೆ ಹಿಡಿಯೋಕೆ ಸೇರಿ ಅದು ಐದಾರು ನಿಮಿಷ ಆಗುತ್ತೆ. ನಿಮ್ಮ ಹಿಂದೆ ಇನ್ನೂ ಐದು ಊರು ಅರ್ಜಿ ಹಿಡಿದು ನಿಂತಿವೆ, ಎಲ್ಲರಿಗೂ ಕೊಟ್ಟರೆ ಅರ್ಧ ಗಂಟೆ. ನಿಮ್ಮೂರಿಗೆ ಬೇಕಾದ್ದು ಎಕ್ಸ್‌ಪ್ರೆಸ್ ನಿಲ್ಲೋದಾ, ಇಲ್ಲ ಹುಬ್ಬಳ್ಳಿಯಲ್ಲಿ ಆ ಎಕ್ಸ್‌ಪ್ರೆಸ್ ಹೊರಡುವ 20 ನಿಮಿಷ ಮುಂಚೆ ಮುಟ್ಟಿಸುವ ಪ್ಯಾಸೆಂಜರ್ರಾ? ಅವರು ಸ್ವಲ್ಪ ಯೋಚಿಸಿ "ಎರಡೂ ಬೇಕ್ರಿ" ಅಂದರು, ಸಭೆಯೆಲ್ಲ ನಕ್ಕಿತು.

ಕೊನೆಯದು ಪಾಸ್ ಹೋಲ್ಡರ್ ಒಬ್ಬರದ್ದು: ಮನವಿಯಲ್ಲಿ ಏನು ಬರೆಯಬೇಕು? ಗಾಡಿಯ ನಂಬರು ಬರೆಯಿರಿ. ಸೋಮವಾರ, ಬುಧವಾರ, ಶನಿವಾರ, ಮೂರು ದಿನ ಎಣಿಸಿ. ಸೋಮವಾರ ಒಂದೇ ಎಣಿಸಿದರೆ ರೈಲ್ವೆಯವರು "ಇದು ವಾರಕ್ಕೊಮ್ಮೆ ಇರೋದೇ" ಅನ್ನುತ್ತಾರೆ. ಒಂದೊಂದು ಬೋಗಿಗೆ ಇಬ್ಬರು ನಿಂತು, ಸ್ಟೇಷನ್ ಬಿಟ್ಟ ಕೂಡಲೇ ನಿಂತಿರುವವರ ತಲೆ ಎಣಿಸಿ. ಕೂತವರನ್ನು ಬಿಡಿ, ಸೀಟು ಎಷ್ಟು ಅಂತ ರೈಲ್ವೆಯವರಿಗೆ ಗೊತ್ತಿದೆ. ಯಾವ ಸ್ಟೇಷನ್‌ನಲ್ಲಿ ಎಷ್ಟು ಜನ ಹತ್ತಲಾಗದೆ ಉಳಿದರು, ಬೋಗಿ ಪ್ಲಾಟ್‌ಫಾರ್ಮಿನಿಂದ ಎಷ್ಟು ಹೊರಗೆ ನಿಂತಿತು, ಎರಡು ನಿಮಿಷದ ನಿಲುಗಡೆಗೆ ನಿಜವಾಗಿ ಎಷ್ಟು ಹೊತ್ತಾಯಿತು, ಇದನ್ನೂ ಸೇರಿಸಿ. ಆಮೇಲೆ ಒಂದೇ ಬೇಡಿಕೆ ಇಡಿ. "ಎರಡು ಬೋಗಿ ಸೇರಿಸಿ" ಅಂತಾನೋ, "ಹಾವೇರಿಯಿಂದ ಅರ್ಧ ಗಂಟೆ ಮುಂಚೆ ಹೊರಡಿಸಿ" ಅಂತಾನೋ. ಹತ್ತು ಬೇಡಿಕೆ ಒಂದೇ ಹಾಳೆಯಲ್ಲಿ ಬರೆದರೆ ಅವರು ತಮಗೆ ಸುಲಭ ಆದದ್ದನ್ನು ಆರಿಸಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ಪ್ಲಾಟ್‌ಫಾರ್ಮಿನ ಬೆಂಚು.